ಮೂವತ್ತು ಸೆಂಟಿಮೀಟರ್

"ಮೇಡಮ್, ರುಕಿಯೇ! ವಹೀಂ ರುಕಿಯೇ!"

ಕೂಗಿದವನು ಅಷ್ಟಕ್ಕೇ ಬಿಡಲಿಲ್ಲ. ಪಾಚಿ ಕಟ್ಟಿದ ಮೆಟ್ಟಿಲಿನ ಮೇಲೆ ಮನೋರಮಾಳ ಕಾಲು ಜಾರುವಷ್ಟರಲ್ಲಿ ಅವಳ ಮೊಣಕೈ ಹಿಡಿದು ಎಳೆದು ನಿಲ್ಲಿಸಿದ. "ಕಣ್ಣು ಎಲ್ಲಿಟ್ಕೊಂಡು ಬರ್ತಾರೋ..." ಎಂದು ಕನ್ನಡದಲ್ಲಿ ಗೊಣಗಿಕೊಂಡ.

"ಮುಖದ ಮೇಲೇ ಇಟ್ಕೊಂಡಿದೀನಿ! ಕೈ ಬಿಡಿ!"

ಕೆಂಡ ಮುಟ್ಟಿದವನಂತೆ ಅವನು ಕೈ ಬಿಟ್ಟ. ದಿಲ್ಲಿಯ ಹಳೇ ಕಬ್ಬಿಣದ ಸೇತುವೆಯ ಬುಡದಲ್ಲಿ ತನಗೆ ಕನ್ನಡದಲ್ಲಿ ಉತ್ತರ ಬಂದೀತೆಂದು ಪಾಪ, ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಅದು 2008ರ ಜೂನ್. ಯಮುನೆಯ ನೀರು ಎಷ್ಟಿದೆ ಎಂದು ಅಳತೆ ಕಂಬ ನೋಡಿ ಗಂಟೆಗೊಮ್ಮೆ ಫೋನಿನಲ್ಲಿ ಹೇಳುವ ಕೆಲಸ ದಾವಣಗೆರೆಯ ಇಂದುಶೇಖರನದು. ಅದನ್ನು ಬರೆದುಕೊಂಡು, ನೀರು ಅಪಾಯದ ಮಟ್ಟ ಮುಟ್ಟಿದ ಕೂಡಲೇ ಮೇಲಿನವರಿಗೆ ತಿಳಿಸುವ ಕೆಲಸ ಕಂಟ್ರೋಲ್ ರೂಮಿಗೆ ಹೊಸದಾಗಿ ಸೇರಿದ್ದ ಮನೋರಮಾಳದು. ಕಂಬ ಹೇಗಿರುತ್ತದೆಂದು ನೋಡಲು ಅವಳು ದ್ವಾರಕಾದ ಮನೆಯಿಂದ ನೇರವಾಗಿ ಇಲ್ಲಿಗೆ ಬಂದಿದ್ದಳು.

ದಂಡೆಯಲ್ಲಿ ತರಕಾರಿ ಬೆಳೆಯುವ ಮುದುಕಿ ರಾಮ್‌ಕಲಿ ಇದನ್ನೆಲ್ಲ ನೋಡಿ ಬೊಚ್ಚು ಬಾಯಿ ತುಂಬ ನಕ್ಕಳು. ಮನೋರಮಾಳ ಕೈಗೆ ಎಳೆ ಸೌತೆಕಾಯಿ ಇಟ್ಟು, "ಬಾಬೂ, ಬಹೂ ಅಚ್ಛೀ ಲಾಯೇ ಹೋ!" ಎಂದಳು.

ಒಳ್ಳೆಯ ಸೊಸೆಯನ್ನೇ ತಂದೆಯಪ್ಪಾ! ಇಬ್ಬರ ಮುಖವೂ ಕೆಂಪಾಯಿತು.

"ನಿಮ್ಮ ಕಂಬ ಡೊಂಕಾಗಿದೆಯಲ್ಲ?" ಮನೋರಮಾ ಮಾತು ಮರೆಸಿದಳು.

"ಡೊಂಕಲ್ಲ, ಎತ್ತರ. ನಿಲ್ಲಿಸೋರು ಮೂವತ್ತು ಸೆಂಟಿಮೀಟರ್ ಮೇಲೆ ನಿಲ್ಲಿಸಿಬಿಟ್ರು. ನೀರು ಎಷ್ಟಿದೆಯೋ ಅದಕ್ಕಿಂತ ಮೂವತ್ತು ಕಮ್ಮಿ ತೋರಿಸುತ್ತೆ. ಮಳೆಗಾಲ ಮುಗಿಯೋ ತನಕ ರಿಪೇರಿ ಇಲ್ಲ. ನಾನು ಕಂಬ ತೋರಿಸಿದ್ದು ಹೇಳ್ತೀನಿ, ಮೂವತ್ತು ನೀವು ಸೇರಿಸಿಕೊಂಡು ಬರೀಬೇಕು. ರೂಲು."

ಮರುದಿನವೇ ಅವಳು ಎರಡು ಸಲ ಸೇರಿಸಲು ಮರೆತಳು. ಅವನೇ ಫೋನ್ ಮಾಡಿ ನೆನಪಿಸಿದ. ಮೂರನೆಯ ದಿನ ನಕ್ಕು ಹೇಳಿದ: "ಬಿಡಿ, ನಾನೇ ಇಲ್ಲಿಂದ ಸೇರಿಸಿ ಹೇಳ್ತೀನಿ. ನೀವು ಕಣ್ಮುಚ್ಚಿ ಬರೀರಿ. ಯಾರಿಗೂ ಹೇಳ್ಬೇಡಿ."

ರೂಲು ಹೀಗೆ ಮುರಿಯಿತು. ಪ್ರೀತಿ ಶುರುವಾದದ್ದೂ ಅಲ್ಲಿಂದಲೇ.

ಗಂಟೆಗೊಂದು ಫೋನು. ಮೊದಲು ಅಂಕಿ, ಆಮೇಲೆ ಒಂದೇ ಒಂದು ಮಾತು. "ಊಟ ಆಯ್ತಾ?" "ಇವತ್ತು ರಾಮ್‌ಕಲಿ ಬಹೂನ ಕೇಳಿದ್ಲು." ಆ ಒಂದು ಮಾತಿಗಾಗಿ ಮನೋರಮಾ ಐವತ್ತೊಂಬತ್ತು ನಿಮಿಷ ಕಾಯುತ್ತಿದ್ದಳು!

ಆಗಸ್ಟ್ ಕೊನೆಯಲ್ಲಿ ಅವಳು ಮಾತು ಕೊಟ್ಟಳು. "ಭಾನುವಾರ ಮನೆಗೆ ಬನ್ನಿ. ಅಷ್ಟರಲ್ಲಿ ಅಪ್ಪಂಗೆ ಎಲ್ಲ ಹೇಳಿರ್ತೀನಿ. ಪಕ್ಕಾ."

ಹೇಳಲಿಲ್ಲ. ಶನಿವಾರ ರಾತ್ರಿ ಊಟಕ್ಕೆ ಕೂತಾಗಲೂ ಬಾಯಿ ತೆರೆಯಲಿಲ್ಲ. ಅಪ್ಪ ಚಂದ್ರಮೋಹನ, ಕೇಂದ್ರ ಸರ್ಕಾರದ ಕಚೇರಿಯಿಂದ ನಿವೃತ್ತರಾದವರು, ಗುರ್‌ಗಾಂವ್‌ನ ಕಂಪನಿಯೊಂದರ ಹುಡುಗನ ಫೋಟೊವನ್ನು ಫ್ರಿಜ್ ಮೇಲೆ ನಿಲ್ಲಿಸಿದ್ದರು.

ಭಾನುವಾರ ಇಂದುಶೇಖರ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ರಾಮ್‌ಕಲಿ ಕೊಟ್ಟ ಸೋರೆಕಾಯಿ ಚೀಲದಲ್ಲಿ ಹಿಡಿದು ಬಾಗಿಲಲ್ಲಿ ನಿಂತ.

"ಯಾರಪ್ಪಾ ನೀನು?" ಚಂದ್ರಮೋಹನರು ಅವನ ಚಪ್ಪಲಿಯನ್ನೇ ನೋಡುತ್ತ ಕೇಳಿದರು.

ಅವನು ಮನೋರಮಾಳ ಮುಖ ನೋಡಿದ. ನೀನೇ ಹೇಳು ಎಂಬಂತೆ ನೋಡಿದ.

ಅವಳು ಅಪ್ಪನ ಕಡೆ ತಿರುಗಿದಳು. "ಆಫೀಸ್‌ನವರು ಅಪ್ಪಾ... ನದಿ ಹತ್ರ ಕೆಲಸ. ಏನೋ ಪೇಪರ್ ಕೊಡೋಕೆ ಬಂದಿದಾರೆ."

"ಪೇಪರ್ ಕೊಡು, ಹೊರಡು. ಒಳಗೆ ನೆಲ ಒರೆಸಿದಾರೆ."

ಅವನು ಚೀಲವನ್ನು ಹೊಸ್ತಿಲಲ್ಲಿಟ್ಟು ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಲಿಫ್ಟ್ ಕೆಳಗಿಳಿಯುವ ಸದ್ದು ಕೇಳುತ್ತ ಮನೋರಮಾ ಗೋಡೆಗೆ ಆತು ನಿಂತಿದ್ದಳು.

ಸೋಮವಾರ ಬೆಳಗ್ಗೆ ಕಚೇರಿಯ ಪ್ಯೂನ್ ಅವಳಿಗೊಂದು ಅಂಟಿಸಿದ ಲಕೋಟೆ ಕೊಟ್ಟ. ಮೇಲೆ ಇಂದುಶೇಖರನ ಅಕ್ಷರ. 'ಬೈದಿರ್ತಾರೆ... ಎಲ್ಲ ಮುಗೀತು ಅಂತ ಬರೆದಿರ್ತಾರೆ...' ಓದುವ ಧೈರ್ಯ ಸಾಲಲಿಲ್ಲ. ಒಡೆಯದೆಯೇ ಡ್ರಾಯರಿನೊಳಗೆ ತಳ್ಳಿದಳು.

ಅಂದಿನಿಂದ ಫೋನಿನಲ್ಲಿ ಬರೀ ಅಂಕಿ.

ಮೂರು ವಾರ ಹೀಗೇ ಹೋಯಿತು. ಸೆಪ್ಟೆಂಬರ್‌ನಲ್ಲಿ ಮೇಲಿನ ಬೆಟ್ಟಗಳಲ್ಲಿ ಮಳೆ ಹುಚ್ಚೆದ್ದು ಸುರಿಯಿತು. ಹರಿಯಾಣದ ಬ್ಯಾರೇಜಿನಿಂದ ಬಿಟ್ಟ ನೀರು ದಿಲ್ಲಿಯತ್ತ ಹೊರಟಿತು. ಅಪಾಯದ ಮಟ್ಟ ಇನ್ನೂರ ನಾಲ್ಕು ಮೀಟರ್ ಎಂಬತ್ತಮೂರು ಸೆಂಟಿಮೀಟರ್. ಅದನ್ನು ಮುಟ್ಟಿದರೆ ಮೈಕಿನ ಗಾಡಿ ದಂಡೆಗೆ ಹೋಗಿ ಜನರನ್ನು ಎಬ್ಬಿಸಬೇಕು. ಗಾಡಿ ಬರುವ ತನಕ ಗುಡಿಸಲು ಬಿಟ್ಟು ಏಳುವ ವಾಡಿಕೆ ಅಲ್ಲಿಯವರಿಗಿಲ್ಲ.

ಬೆಳಗ್ಗೆ ಹನ್ನೊಂದು ಗಂಟೆ. "ಇನ್ನೂರ ನಾಲ್ಕು ಐವತ್ತೈದು," ಎಂದ ಇಂದುಶೇಖರ.

ಅವಳು ಹಾಗೇ ಬರೆದಳು. ಇನ್ನೂ ಟೈಮಿದೆ.

ಹನ್ನೆರಡಕ್ಕೆ ಅಂಕಿ ಹೇಳಿ ಅವನು ಫೋನಿಡಲಿಲ್ಲ. "ಮೈಕಿನ ಗಾಡಿ ಯಾಕೆ ಬಂದಿಲ್ಲ ಮೇಡಮ್? ನಾನು ಹೇಳಿದ್ರೆ ಯಾರೂ ಏಳ್ತಿಲ್ಲ."

ಆ 'ಮೇಡಮ್' ಎದೆಗೆ ಚುಚ್ಚಿತು. "ಲೆವೆಲ್ ಮುಟ್ಟಿದ ಮೇಲೆ ಬರುತ್ತೆ. ನಮ್ಮ ಕೆಲಸ ನಮಗೆ ಗೊತ್ತು!" ಎಂದು ಫೋನ್ ಕುಕ್ಕಿದಳು.

ಅವನಿಗೂ ಹಟ. ಮತ್ತೆ ಫೋನ್ ಮಾಡಿ ಬಿಡಿಸಿ ಕೇಳಲಿಲ್ಲ. ಗಾಡಿ ದಾರಿಯಲ್ಲಿರಬೇಕು ಅಂದುಕೊಂಡ.

ಗಾಡಿ ಹೊರಟಾಗ ಎರಡು ಗಂಟೆ ದಾಟಿತ್ತು. ಅಷ್ಟರಲ್ಲಿ ಸೌತೆಯ ಹೊಲದಲ್ಲಿ ಎದೆಮಟ್ಟ ನೀರು. ಕಟ್ಟಿದ ಎಮ್ಮೆ ಬಿಚ್ಚಲು ಹೋದ ರಾಮ್‌ಕಲಿ ಹಿಂದಿರುಗಲಿಲ್ಲ. ಹಗ್ಗ ಸೊಂಟಕ್ಕೆ ಸುತ್ತಿಕೊಂಡು ನೀರಿಗೆ ಹಾರಿದ ಇಂದುಶೇಖರನ ಕೈಗೆ ಸಿಕ್ಕಿದ್ದು ಅವಳ ಸೆರಗಿನ ಚೂರು ಮಾತ್ರ.

ಸಂಜೆ ಸಾಹೇಬರು ರಿಜಿಸ್ಟರ್ ತೆಗೆಸಿ ನೋಡಿದರು. ಹನ್ನೊಂದಕ್ಕೇ ನೀರು ಅಪಾಯ ದಾಟಿತ್ತು, ಬರೆದ ಅಂಕಿಯಲ್ಲಿ ಮೂವತ್ತು ಕಮ್ಮಿ! ಮನೋರಮಾಳಿಗೆ ತಟ್ಟನೆ ಏನೋ ಹೊಳೆಯಿತು. ಓಡಿಹೋಗಿ ಡ್ರಾಯರ್ ಎಳೆದಳು. ಲಕೋಟೆ ಹರಿದಳು.

ಬೈಗುಳ ಇರಲಿಲ್ಲ. ಪ್ರೀತಿಯ ಮಾತೂ ಇರಲಿಲ್ಲ.

'ಇಂದಿನಿಂದ ಕಂಬ ತೋರಿಸಿದ್ದನ್ನಷ್ಟೇ ಹೇಳುತ್ತೇನೆ. ಮೂವತ್ತು ನೀವೇ ಸೇರಿಸಿಕೊಳ್ಳಿ. ಇಂದುಶೇಖರ.'

ಅವಳು ಹನ್ನೊಂದು ಗಂಟೆಯ ಅಂಕಿಗೆ ಮೂವತ್ತು ಸೇರಿಸಿ ನೋಡಿದಳು: ಇನ್ನೂರ ನಾಲ್ಕು ಎಂಬತ್ತೈದು.

ವಿಚಾರಣೆಯಲ್ಲಿ ಇಂದುಶೇಖರ ಚೀಟಿಯ ವಿಷಯ ಬಾಯಿಬಿಡಲಿಲ್ಲ. "ತಪ್ಪು ನನ್ನದು" ಎಂದಷ್ಟೇ ಹೇಳಿ ಸಸ್ಪೆಂಡ್ ಆದ. ಮಾರನೆಯ ದಿನ ಮನೋರಮಾಳ ಸರದಿ.

ಮನೆಯಲ್ಲಿ ಅವಳ ಕೈಯಲ್ಲಿದ್ದ ಚೀಟಿ ಓದಿದ ಅಪ್ಪ ಬೆಂಕಿಪೊಟ್ಟಣ ತಂದು ಅವಳ ಮುಂದಿಟ್ಟರು. "ಸುಟ್ಟುಬಿಡು. ಅವನೇ ಒಪ್ಕೊಂಡಿದಾನಲ್ಲ. ನಿನಗೇನು ಆಗಬೇಕು ಅವನು?"

ಅದೇ ಪ್ರಶ್ನೆ. ಅದೇ ಮನೆ. ಈ ಸಲ ಅವಳು ತಲೆ ಎತ್ತಿದಳು.

"ನಾನು ಮದುವೆ ಆಗೋ ಹುಡುಗ ಅಪ್ಪಾ. ಅವತ್ತೇ ಹೇಳಬೇಕಿತ್ತು. ಹೇಳಿದ್ರೆ ಆ ಅಜ್ಜಿ ಬದುಕಿರ್ತಿದ್ಲು."

ಚೀಟಿಯನ್ನು ಅವಳೇ ಸಾಹೇಬರ ಮೇಜಿನ ಮೇಲಿಟ್ಟಳು. ಅವಳ ಕೆಲಸ ಹೋಯಿತು. ಅಪ್ಪ ಮಾತು ಬಿಟ್ಟರು.

ಅಲ್ಲಿಂದ ನೇರ ಹೋದದ್ದು ಸೇತುವೆಯ ಪಕ್ಕದ ರಸ್ತೆಗೆ. ಗುಡಿಸಲು ಕಳೆದುಕೊಂಡವರಿಗೆ ಹಾಕಿಕೊಟ್ಟಿದ್ದ ಟೆಂಟಿನ ಮುಂದೆ ರಾಮ್‌ಕಲಿಯ ಗಂಡ ಬುಧ್‌ರಾಮ್ ಕೂತಿದ್ದ. ಅವಳನ್ನು ನೋಡಿ ಅವನ ಮುಖ ಅರಳಿತು. "ಬಹೂ! ಬಾ, ಕೂತ್ಕೋ. ಅವಳು ನಿನ್ನನ್ನೇ ನೆನೀತಿದ್ಲು..."

ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು.

ಮುದುಕ ಎದ್ದು ನಿಂತ. "ಹನ್ನೊಂದಕ್ಕೇ ಗಾಡಿ ಬಂದಿದ್ರೆ ಎಮ್ಮೆ ಬಿಚ್ಚೋಕೆ ಟೈಮ್ ಇರ್ತಿತ್ತಾ, ಬೇಟೀ?"

ಸುಳ್ಳು ಹೇಳಬಹುದಿತ್ತು... "ಇರ್ತಿತ್ತು ಬಾಬಾ."

"ಹಾಗಾದ್ರೆ ಹೋಗು. ಇನ್ನು ಈ ಕಡೆ ಬರಬೇಡ."

ಅವನು ಟೆಂಟಿನೊಳಗೆ ಹೋಗಿ ಪರದೆ ಎಳೆದುಕೊಂಡ. ಮನೋರಮಾ ತಿರುಗಿದಾಗ ಹಿಂದೆ ಇಂದುಶೇಖರ ನಿಂತಿದ್ದ. ಹಗ್ಗ ಉಜ್ಜಿ ಗಾಯವಾದ ಎರಡೂ ಅಂಗೈಗೆ ಪಟ್ಟಿ ಕಟ್ಟಿತ್ತು.

"ಚೀಟಿ ಯಾಕೆ ಕೊಟ್ರಿ? ನಾನು ಒಪ್ಕೊಂಡಿದ್ನಲ್ಲ."

"ಎರಡನೇ ಸಲ ನಿಮ್ಮನ್ನ ಹೊಸ್ತಿಲಾಚೆ ನಿಲ್ಲಿಸೋಕೆ ಆಗಲಿಲ್ಲ."

"ನನ್ನದೂ ತಪ್ಪಿದೆ, ಮನೋರಮಾ. ಫೋನಲ್ಲಿ ಒಂದು ಮಾತು ಕೇಳಿದ್ರೆ ಸಾಕಿತ್ತು. ಸೇರಿಸಿದ್ರಾ ಅಂತ. ಅಷ್ಟೇ. ಕೋಪಕ್ಕೆ ಕೇಳಲಿಲ್ಲ." ಅವನು ಪಟ್ಟಿ ಕಟ್ಟಿದ ಅಂಗೈ ನೋಡಿಕೊಂಡ. "ನಿಮ್ಮ ಮೇಲಿನ ಕೋಪ ಇನ್ನೂ ಹೋಗಿಲ್ಲ. ಪ್ರೀತಿಯೂ ಹೋಗಿಲ್ಲ. ಏನು ಮಾಡಲಿ?"

"ಎರಡನ್ನೂ ಇಟ್ಕೊಳ್ಳಿ," ಎಂದಳು ಅವಳು ಅಳುತ್ತ. "ನನ್ನ ಬಿಟ್ಟು ಮಾತ್ರ ಹೋಗಬೇಡಿ."

ನೀರು ಇಳಿದಿತ್ತು. ಹೊಲವಿದ್ದ ಜಾಗದಲ್ಲಿ ಬರೀ ಕೆಸರು, ಅದರ ನಡುವೆ ಎಮ್ಮೆ ಕಟ್ಟುತ್ತಿದ್ದ ಗೂಟ. ಅದರ ಹತ್ತಿರ ಹೋಗಿ ಅಜ್ಜಿಗೆ ಕೈ ಮುಗಿಯಬೇಕೆಂದು ಮನೋರಮಾ ಮೆಟ್ಟಿಲು ಇಳಿಯತೊಡಗಿದಳು. ಇಂದುಶೇಖರ ಪಟ್ಟಿ ಕಟ್ಟಿದ ಕೈಯಿಂದಲೇ ಅವಳ ಮೊಣಕೈ ಹಿಡಿದ.

"ನೋಡ್ಕೊಂಡು. ಪಾಚಿ ಇದೆ."

"ನಿಮ್ಮ ಕೈ ನೋಯುತ್ತೆ..."

"ನೋಯ್ಲಿ. ಬಿಡಲಾ?"

"ಬಿಡಬೇಡಿ."