ಲಗಾಮು ಹಿಡಿದವಳು

"ಅಲ್ಲಾಡಬೇಡ! ಅಲ್ಲೇ ನಿಲ್ಲು!"

ಬೇಲಿಯ ಆಚೆಯಿಂದ ಗಂಡಸಿನ ದನಿ ಗುಡುಗಿತು. ಮೋಹಿರಾ ಇದ್ದಲ್ಲೇ ನಿಂತಳು. ಮೂರೇ ಹೆಜ್ಜೆ ದೂರದಲ್ಲಿ ಕಪ್ಪು ಕುದುರೆಯೊಂದು ಕಿವಿ ಹಿಂದಕ್ಕೆ ಮಡಚಿ, ನೆಲ ಕೆರೆಯುತ್ತಾ ನಿಂತಿತ್ತು.

'ದೇವರೇ, ಬಂದ ದಿನವೇ ಸಾಯುತ್ತೇನಾ?'

"ಕೂಗ್ಬೇಡಿ..." ತಿರುಗಿ ನೋಡದೆ ಪಿಸುಗುಟ್ಟಿದಳು. "ಅವನಿಗೂ ಭಯ ಆಗಿದೆ."

ಅಂಗೈ ಚಾಚಿದಳು. ಒಂದು ಗಳಿಗೆ... ಎರಡು ಗಳಿಗೆ... ಕುದುರೆ ಮೂಗು ತಂದು ಅವಳ ಕೈಗೆ ಒತ್ತಿತು. ಹಗ್ಗ ಹಾಕಿ ಹೊರಗೆ ನಡೆಸಿಕೊಂಡು ಬಂದಾಗ ಬೇಲಿಯ ಬಳಿ ಎತ್ತರದ ಯುವಕನೊಬ್ಬ ಬಾಯಿ ತೆರೆದು ನಿಂತಿದ್ದ. ಅವನೇ ಕೈಸರ್. ಈ ಕುದುರೆಗಳೂ, ಹುಲ್ಲುಗಾವಲಿನ ಗುಡಾರಗಳೂ ಅವನ ಮನೆಯವು.

"ಈ ಕಾರಾಗೆರ್ ನನ್ನ ಕುದುರೆ, ನನ್ನ ಬಿಟ್ಟು ಯಾರನ್ನೂ ಹತ್ತಿರ ಸೇರಿಸಲ್ಲ. ಯಾರಮ್ಮಾ ನೀನು?"

"ಕೆಲಸಕ್ಕೆ ಬಂದೋಳು. ತಜಿಕಿಸ್ತಾನದಿಂದ."

"ಹೆಣ್ಣು ಕುದುರೆ ಹಾಲು ಕರೆಯೋಕಾ? ಈ ಪುಟ್ಟ ಕೈಯಲ್ಲಾ?"

"ಕೈ ನೋಡಿ ಕೆಲಸ ಕೊಡೋದಾದ್ರೆ ಕೈಯನ್ನಷ್ಟೇ ಕಳಿಸ್ತಿದ್ದೆ. ನಾನ್ಯಾಕೆ ಇಷ್ಟು ದೂರ ಬರ್ತಿದ್ದೆ?"

ಹುಡುಗಿಗೆ ಸೊಕ್ಕು ಅಂದುಕೊಂಡಿರಾ? ಅಯ್ಯೋ, ಇಲ್ಲಾರೀ! ಹಗ್ಗವನ್ನು ಅಷ್ಟು ಬಿಗಿಯಾಗಿ ಹಿಡಿದದ್ದು ಕುದುರೆಗಾಗಿ ಅಲ್ಲ, ತಾನು ಬೀಳದಿರಲಿ ಎಂದು.

ಎಲ್ಲರೂ 'ಅಪಾ', ಅಂದರೆ ಅಮ್ಮ, ಎಂದು ಕರೆಯುವ ಕೈಸರನ ತಾಯಿ ಬಾತಿಮಾ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಒಂದು ತಿಂಗಳು ನೋಡ್ತೀನಿ. ಸರಿ ಹೋಗ್ಲಿಲ್ವಾ, ಬಂದ ಬಸ್ಸಲ್ಲೇ ವಾಪಸ್."

ವಾಪಸ್! ಊರು ಬಿಡುವಾಗಲೂ ಮೋಹಿರಾ ಅದೇ ಮಾತು ಕೇಳಿದ್ದಳು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಕುದುರೆಗಳನ್ನೆಲ್ಲ ಮಾರಿದ್ದ. ಅವಳನ್ನು ಐವತ್ತು ದಾಟಿದ ಅಂಗಡಿಯವನಿಗೆ ಕೊಡುವುದೆಂದು ಮಾತಾಗಿತ್ತು. "ಹೋಗು, ಕೆಲಸ ಹುಡುಕು. ಸಿಗದೆ ವಾಪಸ್ ಬಂದ್ಯೋ, ಮರುವಾರವೇ ಮದುವೆ" ಎಂದು ನಕ್ಕು ಕಳಿಸಿದ್ದ.

ಅದಕ್ಕೇ ಅವಳಿಗೆ ಪ್ರತಿ ಬೆಳಿಗ್ಗೆಯೂ ಭಯ. ಹಾಲಿನ ಬಕೆಟ್ಟು ಕೊಂಚ ತುಳುಕಿದರೂ ಭಯ, ಬಾತಿಮಾ ಹೆಸರು ಹಿಡಿದು ಕರೆದರೂ ಭಯ. ದಿನಕ್ಕೆ ಆರು ಸಲ ಹಾಲು ಕರೆದಳು. ಬೆರಳು ಬಾತುಕೊಂಡವು.

ಒಂದು ಮಧ್ಯಾಹ್ನ ಕೈಸರ್ ಪಕ್ಕದಲ್ಲಿ ಬಂದು ಕುಳಿತ. ಕುರಿಕೊಬ್ಬಿನ ಡಬ್ಬಿ ಅವಳ ಮುಂದಿಟ್ಟ.

"ಬೆರಳಿಗೆ ಹಚ್ಕೋ. ಅಪಾಗೆ ಹೇಳ್ಬೇಡ, ಅವಳ ಡಬ್ಬಿ ಅದು."

"ಕದ್ದದ್ದಾ?"

"ನಿನಗೋಸ್ಕರ."

ಅಷ್ಟೇ ಮಾತು. ಆದರೆ ಮೋಹಿರಾಳಿಗೆ ಅಂದು ಹೊಸ ಭಯವೊಂದು ಹುಟ್ಟಿತು... ಇನ್ನು ವಾಪಸ್ ಹೋದರೆ ಕಳೆದುಕೊಳ್ಳುವುದು ಕೆಲಸವನ್ನಷ್ಟೇ ಅಲ್ಲ!

ತಿಂಗಳು ಮುಗಿಯಲು ಮೂರು ದಿನವಿತ್ತು. ಮಂದೆಯಿಂದ ನಾಲ್ಕು ಹೆಣ್ಣು ಕುದುರೆಗಳು ತಪ್ಪಿಸಿಕೊಂಡಿದ್ದವು. ಕೈಸರ್ ಬೆಳಿಗ್ಗೆಯೇ ಬೇರೊಂದು ಕುದುರೆ ಏರಿ ಹೊಳೆಯಾಚೆಗೆ ಹೊರಟ.

"ಕಾರಾಗೆರ್ ದಣಿದಿದಾನೆ, ಅವನಿಲ್ಲೇ ಇರ್ಲಿ. ಚೆನ್ನಾಗಿ ನೋಡ್ಕೋ."

'ಚೆನ್ನಾಗಿ ನೋಡ್ಕೋತೀನಿ. ನೀವು ಬಂದಾಗ ಗುರುತೇ ಸಿಗಬಾರದು, ಹಾಗೆ!'

ಕಾರಾಗೆರ್‌ನ ಬಾಲ ಮುಳ್ಳುಕಾಯಿ ಸಿಕ್ಕಿ ಜಡೆಗಟ್ಟಿತ್ತು. ಮೋಹಿರಾಳ ಊರಿನಲ್ಲಿ ಪಂದ್ಯಕ್ಕೆ ಹೋಗುವ ಕುದುರೆಯ ಬಾಲವನ್ನು ಮೋಟಾಗಿ ಕತ್ತರಿಸುತ್ತಾರೆ. ಅಪ್ಪ ಹಾಗೆಯೇ ಮಾಡುತ್ತಿದ್ದ. ಅವಳು ಕತ್ತರಿ ತಂದು ಬಾಲ ಕತ್ತರಿಸಿದಳು, ಕತ್ತಿನ ಕೇಸರವನ್ನೂ ಮೋಟಾಗಿ ಸಮ ಮಾಡಿದಳು. ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ಎಷ್ಟು ಚೆಂದ!

ಹಿಂದಿನಿಂದ ಬಕೆಟ್ಟು ಬಿದ್ದ ಸದ್ದಾಯಿತು.

ಬಾತಿಮಾ ನಿಂತಿದ್ದಳು. ಮುಖದಲ್ಲಿ ರಕ್ತವೇ ಇಲ್ಲ. ಕಾಲ ಬಳಿ ಹಾಲು ಹರಿಯುತ್ತಿತ್ತು.

"ನನ್ನ ಮಗ... ಯಾರು ಹೇಳಿದ್ರು? ಯಾವಾಗ... ನನ್ನ ಮಗ!"

"ಅಪಾ, ಏನಾಯ್ತು? ನಾನೇ ಕತ್ತರಿಸಿದ್ದು, ಮುಳ್ಳು ಸಿಕ್ಕಿತ್ತು..."

ಮುದುಕ ಸಾಪಾರ್ ಓಡಿ ಬಂದ. ಈ ಮನೆಯಲ್ಲಿ ನಲವತ್ತು ವರ್ಷದಿಂದ ಕುದುರೆ ಕಾಯುತ್ತಿದ್ದವನು. "ಏನು ಮಾಡ್ಬಿಟ್ಟೆ ಮಗಳೇ! ಯಜಮಾನ ಸತ್ತಾಗ ಮಾತ್ರ ಅವನ ಕುದುರೆಯ ಬಾಲ ಕತ್ತರಿಸೋದು ನಮ್ಮಲ್ಲಿ. ಹೋದ ವರ್ಷ ಇವಳ ಗಂಡನ ಕುದುರೆಗೆ ಇವಳೇ ಕತ್ತರಿಸಿದ್ದು..."

ಮೋಹಿರಾಳ ಕೈಯಿಂದ ಕತ್ತರಿ ಜಾರಿತು.

"ಗಂಟು ಕಟ್ಕೋ," ಎಂದಳು ಬಾತಿಮಾ. ಕೂಗಲಿಲ್ಲ, ಬೈಯಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು. "ಸಂಜೆ ಬಸ್ಸಿಗೆ ಹೋಗು. ಅವನು ಬಂದು ಇದನ್ನ ನೋಡೋ ಹೊತ್ತಿಗೆ ನೀನಿಲ್ಲಿ ಇರಕೂಡದು."

ಗಂಟು ಕಟ್ಟುವಾಗ ಬೆಟ್ಟದ ಮೇಲೆ ಮಳೆ ಹೊಯ್ಯುತ್ತಿತ್ತು. ಹೊಳೆಯ ಸದ್ದು ಏರಿತು. ಮಧ್ಯಾಹ್ನದ ಹೊತ್ತಿಗೆ ಕೈಸರ್ ಏರಿ ಹೋಗಿದ್ದ ಕುದುರೆ ಮರಳಿ ಬಂತು. ಒದ್ದೆ ಜೀನು... ಜೀನಿನ ಮೇಲೆ ಯಾರೂ ಇಲ್ಲ!

ಬಾತಿಮಾ ನೆಲಕ್ಕೆ ಕುಸಿದಳು. ಮೋಹಿರಾಳನ್ನೇ ನೋಡಿದಳು.

'ನಾನೇ ಕರೆದೆನಾ ಸಾವನ್ನ? ನನ್ನ ಕೈಯಿಂದಲೇ?'

ಸಾಪಾರ್ ಬಿಟ್ಟು ಕೆಲಸಗಾರರೆಲ್ಲ ಮೇಲಿನ ಹುಲ್ಲುಗಾವಲಿಗೆ ಹೋಗಿದ್ದರು. ಮೋಹಿರಾ ಯಾರನ್ನೂ ಕೇಳಲಿಲ್ಲ. ಕಾರಾಗೆರ್‌ನ ಬೆನ್ನೇರಿದಳು.

"ನಿಲ್ಲು! ಬಾಲ ಕತ್ತರಿಸಿದ ಕುದುರೆ ಮೇಲೆ ಯಾರೂ ಕೂರಬಾರದು!" ಸಾಪಾರ್ ಕಿರುಚಿದ.

"ಅವರು ಸತ್ತಿಲ್ಲ ತಾತ! ಸತ್ತಿಲ್ಲ!"

ಹೊಳೆಯ ನೀರು ಕುದುರೆಯ ಎದೆಯವರೆಗೆ ಬಂತು, ಆಮೇಲೆ ಕುತ್ತಿಗೆಗೆ. ಮೋಹಿರಾ ಕಣ್ಣು ಮುಚ್ಚಿ ಕೇಸರ ಹಿಡಿದಳು. ಮೋಟು ಕೂದಲು ಕೈಯಿಂದ ಜಾರಿತು. ಕುದುರೆಯ ಕುತ್ತಿಗೆಯನ್ನೇ ತಬ್ಬಿಕೊಂಡಳು. ಈಜು ಬಾರದವಳು! ಕೊನೆಗೂ ಗೊರಸು ನೆಲ ಮುಟ್ಟಿತು.

"ಕೈಸರ್! ಕೈಸರ್!"

ನೀರಿನ ಸದ್ದೊಂದೇ. ದಡದುದ್ದಕ್ಕೂ ಕೂಗುತ್ತಾ ಹೋದಳು. ಗಂಟಲು ಒಡೆಯಿತು.

"ಇಲ್ಲಿ..."

ಬಂಡೆಯ ಮರೆಯಲ್ಲಿ ಅವನು ಕುಳಿತಿದ್ದ. ಕಾಲು ಊದಿತ್ತು, ಹಣೆಯಲ್ಲಿ ರಕ್ತ. ಅವನ ಕಣ್ಣು ಅವಳ ಮೇಲಿಂದ ಕುದುರೆಯ ಮೇಲೆ ಹರಿದು ಬಾಲದ ಬಳಿ ನಿಂತಿತು. ತುಟಿ ಬಿಳುಚಿತು.

"ಮೋಹಿರಾ... ನಾನು ಸತ್ತೋದ್ನಾ?"

ಅವಳು ಕೆಳಗೆ ಹಾರಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಗೊಳೋ ಎಂದು ಅತ್ತಳು. "ಇಲ್ಲ! ನಂದೇ ತಪ್ಪು... ನಂಗೆ ಗೊತ್ತಿರ್ಲಿಲ್ಲ! ಚೆಂದ ಕಾಣ್ಲಿ ಅಂತ ಕತ್ತರಿಸ್ಬಿಟ್ಟೆ!"

ಅವನು ನೋವಿನಲ್ಲೇ ನಗತೊಡಗಿದ. "ಅಪಾ ನೋಡಿದ್ಲಾ? ಹಾಗಾದ್ರೆ ಸತ್ತಿರೋದು ನೀನೇ!"

ನೀರು ಇಳಿಯಲು ಕಾದರು. ಅವನನ್ನು ಕುದುರೆಯ ಮೇಲೆ ಕೂರಿಸಿ, ಲಗಾಮು ಹಿಡಿದು ಅವಳೇ ಮುಂದೆ ನಡೆದಳು. ಹೊಳೆ ಈಗ ಸೊಂಟದ ಮಟ್ಟಕ್ಕಿತ್ತು. ಅದಕ್ಕಿಂತ ಆಚೆ ದಡದ ಗುಡಾರವೇ ಹೆಚ್ಚು ಭಯ ಹುಟ್ಟಿಸುತ್ತಿತ್ತು. ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು.

ಬಾತಿಮಾ ಓಡಿ ಬಂದು ಮಗನ ಊದಿದ ಕಾಲನ್ನು ತಬ್ಬಿಕೊಂಡಳು. ಅತ್ತಳು, ಬೈದಳು, ಮತ್ತೆ ಅತ್ತಳು. ಆಮೇಲೆ ಅವಳ ನೋಟ ಲಗಾಮಿನ ಮೇಲೆ ಬಿತ್ತು.

"ಹುಡುಗಿ, ಬಾಲ ಕತ್ತರಿಸಿದ ಕುದುರೆಯ ಲಗಾಮು ಯಾರು ಹಿಡೀತಾರೆ ಗೊತ್ತಾ ನಿನಗೆ?"

"ಇ...ಇಲ್ಲ ಅಪಾ."

"ಹೋದ ವರ್ಷ ಗುಡಾರ ಕಿತ್ತು ಹೊಸ ಜಾಗಕ್ಕೆ ಹೋಗುವಾಗ ಇವರಪ್ಪನ ಕುದುರೇನ ನಾನು ಹಿಡಿದು ನಡೆದಿದ್ದೆ. ಕುದುರೆಯ ಯಜಮಾನನ ಹೆಂಡತಿ ಮಾತ್ರ ಹಿಡೀಬೇಕು."

ಮೋಹಿರಾ ಬೆಂಕಿ ಮುಟ್ಟಿದವಳಂತೆ ಲಗಾಮು ಬಿಟ್ಟಳು. "ತಪ್ಪಾಯ್ತು ಅಪಾ! ಇದೂ ಗೊತ್ತಿರ್ಲಿಲ್ಲ... ನಾನು ಹೋಗ್ತೀನಿ, ಗಂಟು ಕಟ್ಟಿದೀನಿ..."

ಬಾತಿಮಾ ಬಗ್ಗಿ ಲಗಾಮು ಎತ್ತಿದಳು. ಒದ್ದೆ ತೊಗಲನ್ನು ತಲೆವಸ್ತ್ರದ ತುದಿಯಿಂದ ಒರೆಸಿ ಅವಳ ಅಂಗೈಯಲ್ಲಿಟ್ಟು, ಬಾತ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಸತ್ತವನ ಕುದುರೆ ಹಿಡಿದು ನಾನು ಅತ್ತೆ. ಬದುಕಿರೋನ ಕುದುರೆ ಹಿಡಿದು ನೀನ್ಯಾಕೆ ಅಳ್ತೀಯ? ನಡಿ ಒಳಗೆ."

ಬಾತಿಮಾ ತಾನೇ ಮೋಹಿರಾಳ ಗಂಟು ಬಿಚ್ಚಲು ಗುಡಾರದೊಳಕ್ಕೆ ಹೋದಳು. ಕೈಸರ್ ಕುದುರೆಯ ಮೇಲಿಂದ ಬಾಗಿದ.

"ಯಾಕೆ ಹಾಗೇ ನಿಂತೆ? ಒಳಗೆ ಹೋಗಲ್ವಾ?"

"ಭಯ ಆಗ್ತಿದೆ."

"ಇನ್ನೂ ಯಾರಿಗೆ ಹೆದರ್ತೀಯ?"

"ನಿಮಗೇ... ಅಪಾ ಏನೋ ಹೇಳಿದ್ರು. ನೀವು ನನ್ನನ್ನ ಏನೂ ಕೇಳ್ಲೇ ಇಲ್ವಲ್ಲ..."

ಅವನು ಕುದುರೆಯ ಮೋಟು ಕೇಸರ ನೇವರಿಸಿದ. "ಕೇಳೋಕೆ ನಂಗೂ ಭಯ ಕಣೇ, ಒಂದು ತಿಂಗಳಿಂದ. ಇರ್ತೀಯಾ ಮೋಹಿರಾ, ನನ್ನ ಜೊತೆ?"

ಮೋಹಿರಾ ಅವನ ಕಡೆಗೆ ಒಂದು ಹೆಜ್ಜೆ ಇಟ್ಟಳು. ಲಗಾಮನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಳು.