ಬರೀ ಪಾರ್ಟ್‌ನರ್ಸ್

"ನಿಮ್ಮಿಬ್ಬರ ಮಧ್ಯೆ ಬೇರೇನಾದರೂ ಸಂಬಂಧ ಇದೆಯಾ?"

ಬೆಂಗಳೂರಿನಿಂದ ಬಂದಿದ್ದ ರಂಜಿತ ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ ಕೇಳಿದರು. ಗಂಡ ಹೆಂಡತಿ, ಪ್ರೇಮಿಗಳು ನಡೆಸುವ ಕಂಪನಿಗೆ ಅವರು ಬಂಡವಾಳ ಹಾಕುವುದಿಲ್ಲವಂತೆ. ಮನೆಯ ಜಗಳ ಆಫೀಸಿಗೂ ಬರುತ್ತದಂತೆ.

"ಇಲ್ಲ ಮೇಡಂ, ಬರೀ ಪಾರ್ಟ್‌ನರ್ಸ್," ಎಂದ ಪ್ರೀತಂ.

ಪಕ್ಕದಲ್ಲಿದ್ದ ದೀಪಶ್ರೀಗೆ ಆ ಮಾತು ಚುಚ್ಚಿತು. ಮೈಸೂರಿನಿಂದ ಬಂದಿದ್ದ ಒಳ್ಳೊಳ್ಳೆಯ ಸಂಬಂಧಗಳನ್ನು ಬೇಡವೆಂದದ್ದು ಈ 'ಬರೀ ಪಾರ್ಟ್‌ನರ್'ಗಾಗಿಯೇ? ಅವನತ್ತ ನೋಡಿದಳು. ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತಿದ್ದ. ಕಿವಿಯ ತುದಿ ಕೆಂಪಾಗಿತ್ತು.

ಇಬ್ಬರೂ ಮಂಡ್ಯದ ಕಾಲೇಜೊಂದರಲ್ಲಿ ಪಾಠ ಹೇಳುವವರು. ರೈತರು ಫೋನಿನಲ್ಲಿ ತಮ್ಮದೇ ಮಾತಿನಲ್ಲಿ ಬೆಳೆಯ ಕಾಯಿಲೆ ಹೇಳಿದರೆ ಅರ್ಥ ಮಾಡಿಕೊಂಡು ಉತ್ತರ ಕೊಡುವ ಸಾಫ್ಟ್‌ವೇರನ್ನು, ಕ್ಲಾಸು ಮುಗಿದ ಮೇಲೆ ಲ್ಯಾಬಿನಲ್ಲಿ ಕೂತು ಕಟ್ಟಿದ್ದರು. ಮೊದಲು ಒಂದು ಸಂಶೋಧನಾ ಪ್ರಬಂಧ, ಆಮೇಲೆ ಕಂಪನಿ. 'ಉಳ ಬಿದ್ದದೆ' ಎಂದರೆ ಹುಳವೆಂದು ಅದಕ್ಕೆ ತಿಳಿಯುವಷ್ಟರಲ್ಲಿ ವರ್ಷಗಳೇ ಉರುಳಿದ್ದವು. ಎದುರಿಗೇ ಕೂತವಳ ಮನಸ್ಸು ಮಾತ್ರ ಈ ಪುಣ್ಯಾತ್ಮನಿಗೆ ಇನ್ನೂ ತಿಳಿದಿರಲಿಲ್ಲ! ಈಗ ಬಂಡವಾಳ ಬರದಿದ್ದರೆ ಬಾಡಿಗೆ ಆಫೀಸು ಬಿಟ್ಟು ಮತ್ತೆ ಅದೇ ಲ್ಯಾಬೇ ಗತಿ.

"ಒಂದ್ನಿಮಿಷ," ಎಂದು ದೀಪಶ್ರೀ ಮೆಟ್ಟಿಲ ಬಳಿ ಹೋದಳು. ಪ್ರೀತಂ ಹಿಂದೆಯೇ ಬಂದ.

"ಯಾಕೆ ಸುಳ್ಳು ಹೇಳಿದ್ರಿ?"

"ಸುಳ್ಳಲ್ಲ ಕಣ್ರೀ. ನಿಮ್ಮನ್ನ ಕೇಳ್ದೆ ಔದು ಅನ್ನಕಾಯ್ತದಾ?"

"ಕೇಳ್ಬೇಡಿ ಅಂದೋರ್ಯಾರು?"

ಅವನು ಗೋಡೆ ನೋಡಿದ, ನೆಲ ನೋಡಿದ, ಕಡೆಗೆ ಅವಳನ್ನೇ ನೋಡಿದ. ಆ ನೋಟಕ್ಕೆ ಅವಳ ಕೋಪ ಅರ್ಧ ಇಳಿಯಿತು, ಭಯ ಇಮ್ಮಡಿಯಾಯಿತು.

"ಕೇಳ್ಬುಟ್ರೆ ಬಂಡವಾಳ ಓಯ್ತದೆ. ನಿಮ್ಮನೇಲಿ ಬೇರೆ ನಮ್ಮೋರ್ನ ಒಪ್ಪಲ್ಲ..."

"ಮನೇಲಿ ನಾನು ಮಾತಾಡ್ತೀನಿ. ನೀವು ಕೇಳ್ತೀರೋ ಇಲ್ವೋ?"

ಪ್ರೀತಂ ಒಂದು ಹೆಜ್ಜೆ ಹತ್ತಿರ ಬಂದ. "ನನ್ನ ಮದ್ವೆ ಆಯ್ತೀರಾ?"

ಅವಳು ಸರಸರನೆ ಒಳಗೆ ನಡೆದಳು. ಹಿಂದೆ ಅವನು ಹೊಸ್ತಿಲು ಎಡವಿದ ಸದ್ದು ಕೇಳಿಸಿತು. ನೇರವಾಗಿ ರಂಜಿತರ ಮುಂದೆ ಹೋಗಿ ನಿಂತಳು.

"ಮೇಡಂ, ಪ್ರೀತಂ ಹೇಳಿದ್ದು ಆಗ ಸರಿಯಿತ್ತು. ಈಗ ತಪ್ಪಾಗಿದೆ. ತಿದ್ಕೊಳ್ಳಿ."

ರಂಜಿತ ಇಬ್ಬರನ್ನೂ ನೋಡಿ, ನಿಧಾನವಾಗಿ ಲ್ಯಾಪ್‌ಟಾಪ್ ಮುಚ್ಚಿದರು. "ಸಾರಿ. ನಮ್ಮ ರೂಲ್ ನಿಮಗೆ ಗೊತ್ತಲ್ಲ," ಎಂದು ಬ್ಯಾಗು ತೆಗೆದುಕೊಂಡು ಎದ್ದರು.

ಬಾಗಿಲಲ್ಲಿ ನಿಂತಿದ್ದ ಪ್ರೀತಂ ದಾರಿ ಬಿಡಲಿಲ್ಲ. ಅವನ ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ.

"ಅಂಗೆಲ್ಲಾ ಓಗಂಗಿಲ್ಲ ಮೇಡಂ. ಮದ್ವೆ ಮಾತು ಗಟ್ಟಿಯಾಯ್ತು, ಊಟ ಮಾಡ್ಕಂಡೇ ಓಗ್ಬೇಕು."