ಶನಿವಾರ ಬಂದ ಎಣ್ಣೆ

“ನಾ ಮುಟ್ಟಿಲ್ಲ ಅಂದ್ರ ಮುಟ್ಟಿಲ್ಲ!”

ಶೇಖವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ನಿಂತು ಕಾಲು ಅಪ್ಪಳಿಸಿದಳು. ಅವಳ ಕೈಯಲ್ಲಿ ಒಂದು ಬಿದಿರು ಬುಟ್ಟಿ ಇತ್ತು. ನಿನ್ನೆ ಸಂಜೆ ಆ ಬುಟ್ಟಿಯ ಕೆಳಗೆ ಎಣ್ಣೆಯ ಡಬ್ಬಿ ಇತ್ತು. ಈಗ ಅಲ್ಲಿ ಡಬ್ಬಿಯ ದುಂಡನೆಯ ಗುರುತು ಮಾತ್ರ ಉಳಿದಿತ್ತು.

ಅವಳ ಅಪ್ಪ ಕರಬಸಪ್ಪ ಮೋಟಾರು ಗಾಡಿಯ ಅಡಿಯಲ್ಲಿ ಅಂಗಾತ ಮಲಗಿದ್ದ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಅಷ್ಟೇ. ದನಿ ಮಾತ್ರ ಇಡೀ ಓಣಿಗೆ ಕೇಳುತ್ತಿತ್ತು.

“ಮತ್ತ ಡಬ್ಬಿಗೇನು ಕಾಲು ಬಂದಾವೇನು? ಅದನ್ನ ಕಾಯಿ ಅಂತ ನಿನಗ ಹೇಳಿದ್ದೆ ಇಲ್ಲೋ?”

“ಕಾದೇನಿ! ದೀಪ ಹಚ್ಚೋತನಕ ಕಾದೇನಿ!”

“ಕಾದಿದ್ರ ಡಬ್ಬಿ ಇಲ್ಲೇ ಇರತಿತ್ತು!”

ಶೇಖವ್ವನಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಯಾಕೆ ಬರಬಾರದು? ನಡೆದದ್ದನ್ನು ಕೇಳಿದರೆ ಯಾರಿಗಾದರೂ ಬರುತ್ತದೆ.

ಶಿಗ್ಗಾವಿಯಲ್ಲಿ ಹತ್ತಿ ವ್ಯಾಪಾರ ಮಾಡುವ ಕರಬಸಪ್ಪನ ಈ ಮೋಟಾರು ಹಳೆಯದು. ಧಾರವಾಡದ ಯಾರೋ ಸಾಹೇಬರು ಓಡಿಸಿ ಓಡಿಸಿ ಸಾಕಾಗಿ ಮಾರಿದ್ದು. ಈಚೆಗೆ ಗೇರು ಬದಲಿಸಿದಾಗಲೆಲ್ಲ ಅದು ಹಲ್ಲು ಕಡಿಯುವಂತೆ ಕರಕರ ಅನ್ನುತ್ತಿತ್ತು. ಗೇರಿನ ಪೆಟ್ಟಿಗೆಯೊಳಗೆ ಹಲ್ಲಿನ ಚಕ್ರಗಳು ಇರುತ್ತವೆ. ಅವು ದಪ್ಪ ಎಣ್ಣೆಯಲ್ಲಿ ಮುಳುಗಿ ತಿರುಗಬೇಕು. ಆ ಎಣ್ಣೆ ಹಳತಾದರೆ ಬಸಿದು ಹೊಸದು ಹಾಕಬೇಕು. ಇಲ್ಲದಿದ್ದರೆ ಒಂದು ಚಕ್ರ ಇನ್ನೊಂದರ ಹಲ್ಲು ತಿನ್ನುತ್ತದೆ.

ಆದರೆ ಅದು ಯುದ್ಧದ ಕಾಲ. ಪೆಟ್ರೋಲಿಗೆ ಕೂಪನ್ನು, ಎಣ್ಣೆಗೆ ಪರದಾಟ. ಹೇಳಿ ಕಳಿಸಿ ಎಷ್ಟೋ ವಾರದ ಮೇಲೆ, ನಿನ್ನೆ ಹುಬ್ಬಳ್ಳಿ ಬಸ್ಸಿನಲ್ಲಿ ಒಂದೇ ಒಂದು ಡಬ್ಬಿ ಬಂದಿತ್ತು. ಅಪ್ಪ ಅದರ ಮುಚ್ಚಳ ತೆಗೆದು ಮೂಸಿ ನೋಡಿದ. ಶೇಖವ್ವನೂ ಮೂಸಿದಳು. ಸುಟ್ಟ ರಬ್ಬರಿನ ಹಾಗೆ ಘಾಟು ವಾಸನೆ.

ಅಪ್ಪ ಡಬ್ಬಿ ಎತ್ತಿಕೊಂಡು ಒಳಗೆ ಹೊರಟರೆ ಬಾಗಿಲಲ್ಲಿ ಅಜ್ಜಿ ಮುದಕವ್ವ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದಳು.

“ಇವತ್ತು ಯಾ ವಾರ? ಶನಿವಾರ ಎಣ್ಣಿ ಹೊಸ್ತಿಲ ದಾಟಬಾರ್ದು.”

“ಯವ್ವಾ, ಇದು ಮೋಟಾರಿನ ಎಣ್ಣಿ. ತಿನ್ನೂದಲ್ಲ, ತಲಿಗೆ ಹಚ್ಚಿಕೊಳ್ಳೂದಲ್ಲ.”

“ಎಣ್ಣಿ ಅಂದ್ರ ಎಣ್ಣೀನ. ನಾಳೆ ಐತವಾರ, ನಾಳೆ ತಗೊಂಡು ಬಾ.”

ಅಜ್ಜಿಯ ಮಾತು ಮೀರುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಡಬ್ಬಿ ಹೊರಗಿನ ಕಟ್ಟೆಯ ಮೇಲೆ ಕೂತಿತು. ಕಾಯುವ ಕೆಲಸ ಶೇಖವ್ವನ ಪಾಲಿಗೆ ಬಂತು. ಅವಳು ಅದರ ಮೇಲೆ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಒಂದು ಕಲ್ಲು ಹೇರಿ, ಪಕ್ಕದಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡಿದಳು. ಕತ್ತಲಾದ ಮೇಲೆ ಅಪ್ಪನೇ ಬಂದು, “ಬಾ ಒಳಗ, ಉಣ್ಣಾಕ. ಯಾರು ಒಯ್ತಾರ ಅದನ್ನ?” ಅಂದಿದ್ದ.

ಅಪ್ಪನೇ ಅಂದಿದ್ದ! ಈಗ ಆ ಮಾತು ಅವನಿಗೆ ನೆನಪೇ ಇಲ್ಲ. ಇದು ಯಾವ ಊರಿನ ನ್ಯಾಯ?

ಇವತ್ತು ಬೆಳಿಗ್ಗೆ ಅಪ್ಪ ಮೋಟಾರನ್ನು ಊರ ಹೊರಗಿನ ತನಕ ಓಡಿಸಿಕೊಂಡು ಬಂದ. ಬಿಸಿಯಾದರೆ ಎಣ್ಣೆ ತೆಳ್ಳಗಾಗಿ ಸಲೀಸಾಗಿ ಬಸಿಯುತ್ತದೆ. ಗಾಲಿಗಳಿಗೆ ಇಟ್ಟಿಗೆ ಒತ್ತುಕೊಟ್ಟು, ಅಡಿಯಲ್ಲಿ ಬಾಣಲೆ ಇಟ್ಟು, ಪಾನಾ ಹಾಕಿ ಗೇರಿನ ಪೆಟ್ಟಿಗೆಯ ಬೋಲ್ಟು ಸಡಿಲಿಸಿದ. “ನಾ ಒಮ್ಮೆ ತಿರುವಲೇನು?” ಅಂತ ಶೇಖವ್ವ ಕೇಳಿದ್ದಕ್ಕೆ, “ಹೆಣ್ಣುಹುಡುಗೀಗೆ ಮೋಟಾರಿನ ಉಸಾಬರಿ ಯಾಕ?” ಅಂದ. ಅದೂ ಒಂದು ಸಿಟ್ಟು ಅವಳ ಹೊಟ್ಟೆಯಲ್ಲಿ ಮೊದಲೇ ಇತ್ತು.

ಕಪ್ಪನೆಯ ಹಳೆ ಎಣ್ಣೆ ಬಾಣಲೆಗೆ ಇಳಿಯಿತು. ಬಂಡಿಯ ಲಕ್ಕಪ್ಪ ಅದಕ್ಕೆಂದೇ ಗಡಿಗೆ ಹಿಡಿದು ಕಾದಿದ್ದ. ಬಂಡಿಯ ಅಚ್ಚಿಗೆ ಬಳಿಯಲು ಅದಕ್ಕಿಂತ ಒಳ್ಳೆಯದು ಯಾವುದಿದೆ? ಪೂರ್ತಿ ಸುರಿದುಕೊಂಡು ಹೋಗಿಬಿಟ್ಟ. ಅಪ್ಪ ಬೋಲ್ಟು ತಿರುಗಿ ಬಿಗಿದು, “ಶೇಖಾ, ಆ ಡಬ್ಬಿ ತಾ” ಅಂದ.

ಶೇಖವ್ವ ಬುಟ್ಟಿ ಎತ್ತಿದಳು. ಡಬ್ಬಿ ಇರಲಿಲ್ಲ.

ಈಗ ಅಪ್ಪ ಮೋಟಾರಿನ ಕೆಳಗಿನಿಂದ ಹೊರಗೆ ಬಂದ. ಮುಖಕ್ಕೆಲ್ಲ ಮಸಿ.

“ಅಕ್ಕನ್ನ ಕರ್ಕೊಂಡು ಬರೂದು ಹೆಂಗ ಈಗ? ಹೇಳು!”

ಎದೆಗೆ ಚುಚ್ಚಿದ್ದು ಆ ಮಾತು. ಅವಳ ಅಕ್ಕ ಸರೋಜವ್ವ ಹಾನಗಲ್ಲಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಬಸುರಿ. ಬಾಣಂತನಕ್ಕೆ ಅವಳನ್ನು ಇವತ್ತೇ ಕರೆತರಬೇಕು. ನಾಳೆ ಅಮಾವಾಸ್ಯೆ. ಅದು ಕಳೆದರೆ ಒಂಬತ್ತು ತುಂಬುತ್ತದೆ, ಆಮೇಲೆ ಕಳಿಸುವುದಿಲ್ಲ ಅಂತ ಅವಳ ಅತ್ತೆ ಹೇಳಿ ಕಳಿಸಿದ್ದಾಳೆ. ಬಂಡಿಯಲ್ಲಿ ತಂದರೆ ಕುಲುಕಾಟ. ಇದ್ದದ್ದು ಈ ಮೋಟಾರು ಒಂದೇ. ಅದರ ಗೇರಿನ ಪೆಟ್ಟಿಗೆ ಈಗ ಖಾಲಿ. ಹಾಗೇ ಓಡಿಸಿದರೆ ಓಣಿಯ ತುದಿ ಮುಟ್ಟುವುದರೊಳಗೆ ಗೇರು ಕೆಟ್ಟು ಕೂರುತ್ತದೆ.

ಅಕ್ಕ ಬಂದರೆ ರಾತ್ರಿ ಅವಳ ಪಕ್ಕದಲ್ಲೇ ಮಲಗಬೇಕು ಅಂತ ಶೇಖವ್ವ ಹಾಸಿಗೆ ಕೂಡ ಕೊಡವಿ ಇಟ್ಟಿದ್ದಳು. ಅಕ್ಕ ಬರದಿದ್ದರೆ ನಷ್ಟ ಯಾರಿಗೆ? ಬೈಗುಳ ಯಾರಿಗೆ?

“ಅಪ್ಪಾ, ಇಲ್ನೋಡು. ಬುಟ್ಟಿ ನಾ ಮುಚ್ಚಿದಂಗ ಐತಿ. ಕಲ್ಲೂ ಮ್ಯಾಲೇ ಇತ್ತು. ಕಳ್ಳ ಬಂದಿದ್ರ ಬುಟ್ಟಿ ಹೊಳ್ಳಿ ಮುಚ್ಚಿ, ಕಲ್ಲು ಹೇರಿ ಹೋಗ್ತಾನೇನು?”

“ಜಾಣತನದ ಮಾತು ಬ್ಯಾಡ! ಗೆಳತ್ಯಾರನ್ನ ಕರದು ತೋರಿಸಿರಬೇಕು ನೀ.”

ಬಾಗಿಲ ಬಳಿ ಕೂತಿದ್ದ ಅಜ್ಜಿ ಆಗ ಬಾಯಿ ಬಿಟ್ಟಳು. “ಬೈಬ್ಯಾಡೋ ಕರಬಸೂ. ಸಣ್ಣ ಹುಡುಗಿ. ಎಲ್ಲೋ ಇಟ್ಟು ಮರ್ತಿರಬೇಕು.”

ಮರ್ತಿರಬೇಕು! ಶೇಖವ್ವ ಬುಟ್ಟಿಯನ್ನು ಅಲ್ಲೇ ಬಿಸಾಕಿದಳು. ಅಪ್ಪನ ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು, ಅಜ್ಜಿಯ ಈ ಮೆತ್ತನೆಯ ಮಾತನ್ನಲ್ಲ. ಅವಳು ಕಟ್ಟೆ ಇಳಿದು ದಡದಡ ನಡೆದಳು. ಎಲ್ಲಿಗೆ ಅಂತ ಅವಳಿಗೇ ಗೊತ್ತಿರಲಿಲ್ಲ. ಡಬ್ಬಿ ಹುಡುಕಿ ತಂದು ಎಲ್ಲರ ಮುಂದೆ ಕುಕ್ಕಬೇಕು ಅನ್ನುವುದಷ್ಟೇ ಗೊತ್ತಿತ್ತು.

ಓಣಿಯ ತಿರುವಿನಲ್ಲಿ ಹನುಮಪ್ಪನ ಗುಡಿ. ಗುಡಿಯ ಬಾಗಿಲಿಂದ ಕಪ್ಪು ಹೊಗೆ ಹೊರಬರುತ್ತಿತ್ತು. ನಾಲ್ಕಾರು ಹೆಂಗಸರು ಮೂಗಿಗೆ ಸೆರಗು ಒತ್ತಿಕೊಂಡು ಹೊರಗೆ ನಿಂತು ಕೆಮ್ಮುತ್ತಿದ್ದರು.

ಶೇಖವ್ವ ಗಕ್ಕನೆ ನಿಂತಳು. ಮೂಗು ಅರಳಿಸಿದಳು. ಸುಟ್ಟ ರಬ್ಬರು! ಅವಳು ಒಂದೇ ಉಸಿರಿಗೆ ಗುಡಿಯೊಳಗೆ ಓಡಿದಳು.

ಪೂಜಾರಿ ಹೊಳಬಸಪ್ಪಜ್ಜ ಹೆಗಲ ಮೇಲಿನ ಉಪರಣೆಯಿಂದ ಹೊಗೆ ಬೀಸಿ ಓಡಿಸುತ್ತಿದ್ದ. ಕಣ್ಣಲ್ಲಿ ಧಾರಾಕಾರ ನೀರು. ದೊಡ್ಡ ದೀಪ ಬುಸುಬುಸು ಅನ್ನುತ್ತಿತ್ತು. ಹನುಮಪ್ಪನ ಬೆಳ್ಳಿ ಕಣ್ಣಿಗೆಲ್ಲ ಕಾಡಿಗೆ ಹಿಡಿದಿತ್ತು. ದೀಪದ ಪಕ್ಕದಲ್ಲೇ ಇತ್ತು, ಆ ಡಬ್ಬಿ.

“ಇದು ನಮ್ಮದರಿ!” ಶೇಖವ್ವ ಚೀರಿದಳು. “ಯಾಕ ತಂದ್ರಿ ಇದನ್ನ?”

“ನಾ ತರಲಿಲ್ಲವಾ ತಂಗೀ, ನಿಮ್ಮಜ್ಜಿ ಕೊಟ್ಟಾಳ! ಇದೆಂಥಾ ಎಣ್ಣಿ ಕೊಟ್ಟಾಳವಾ, ದೇವರ ಕಣ್ಣಾಗೂ ನೀರು ಬರೂವಂಗ ಮಾಡೇತಿ.”

“ನಮ್ಮಜ್ಜಿ?”

“ಹೂಂ. ಶನಿವಾರಕ್ಕೊಮ್ಮೆ ನಾ ದೀಪದ ಎಣ್ಣಿ ಬೇಡಾಕ ಬರ್ತೇನಲ್ಲ, ನಿನ್ನೆ ನೀವು ಉಣ್ಣಾಕತ್ತಿದ್ರಿ. ಮುದಕವ್ವ ಹೊರಗ ಬಂದ್ಲು. ಮನಿಗೆ ಶನಿವಾರ ಎಣ್ಣಿ ಬಂದೈತಿ, ಸರೂ ಬಸುರಿ ಹೆಂಗಸು ಅದ ಗಾಡ್ಯಾಗ ಬರಾಕಿ, ಕೂಸಿಗೆ ದೋಷ ತಟ್ಟಬಾರ್ದು, ಹನುಮಪ್ಪಗ ಒಂದು ದೀಪಕ್ಕ ಆಗೂವಷ್ಟು ಹಾಕಿ ಡಬ್ಬಿ ಈಗಿಂದೀಗ ಹೊಳ್ಳಿ ತಂದಿಡು ಅಂದ್ಲು.”

“ಮತ್ತ ಯಾಕ ತಂದಿಡಲಿಲ್ಲರಿ?”

ಹೊಳಬಸಪ್ಪಜ್ಜ ತಲೆ ಕೆರೆದುಕೊಂಡ. “ಕತ್ತಲಾಗಿತ್ತವಾ. ಮುಂಜಾನೆ ದೀಪಕ್ಕ ಹಾಕಿ ಕೊಟ್ಟರಾತು ಅಂತ…”

ಶೇಖವ್ವ ಮುಂದೆ ಕೇಳಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಸೊಂಟಕ್ಕೆ ಆನಿಸಿಕೊಂಡು ಹೊರಟಳು. ಭಾರವಾಗಿತ್ತು. ಆದರೆ ಸಿಟ್ಟಿನಲ್ಲಿ ಭಾರ ಎಲ್ಲಿ ಗೊತ್ತಾಗುತ್ತದೆ?

ಅಜ್ಜಿ ಕೊಟ್ಟದ್ದು! ಬುಟ್ಟಿ ತಿರುಗಿ ಮುಚ್ಚಿ ಕಲ್ಲು ಹೇರಿದ್ದೂ ಅಜ್ಜಿ! ಎಲ್ಲ ಗೊತ್ತಿದ್ದೂ, ಸಣ್ಣ ಹುಡುಗಿ, ಮರ್ತಿರಬೇಕು ಅಂದಳಲ್ಲ! ದಾರಿಯುದ್ದಕ್ಕೂ ಶೇಖವ್ವ ಮಾತು ಜೋಡಿಸಿಕೊಂಡಳು. ಮನೆಯೊಳಗೆ ಹೋಗಿ ಹೇಳುವುದಿಲ್ಲ. ಕಟ್ಟೆಯ ಮೇಲೆ ನಿಂತೇ ಹೇಳುತ್ತೇನೆ. ನನ್ನನ್ನು ಬೈದದ್ದು ಓಣಿಗೆಲ್ಲ ಕೇಳಿದೆ, ಇದೂ ಕೇಳಲಿ.

ಮನೆಯ ಮುಂದೆ ಬಂದಾಗ ಅಜ್ಜಿ ಕಟ್ಟೆಯ ಮೆಟ್ಟಿಲು ಇಳಿಯುತ್ತಿದ್ದಳು. ಎರಡೂ ಕೈಯಲ್ಲಿ ಒಂದು ಭರಣಿ ತಬ್ಬಿ ಹಿಡಿದಿದ್ದಳು.

ಆ ಭರಣಿ ಶೇಖವ್ವನಿಗೆ ಚೆನ್ನಾಗಿ ಗೊತ್ತು. ಅದರಲ್ಲಿ ಔಡಲೆಣ್ಣೆ ಇದೆ. ಅಕ್ಕನಿಗೆ ಹಚ್ಚಿ ಎರೆಯಲು, ಹುಟ್ಟುವ ಕೂಸಿನ ನೆತ್ತಿಗೆ ತಟ್ಟಲು ಅಂತ ಅಜ್ಜಿ ತಾನೇ ಬೀಜ ಹುರಿದು, ಕುಟ್ಟಿ, ಒಲೆಯ ಮುಂದೆ ಬೆವರಿಳಿಸಿಕೊಂಡು ಕಾಸಿ ತೆಗೆದದ್ದು. ಅದನ್ನಿಟ್ಟ ಗೋಡೆಯ ಮಾಡದ ಕಡೆ ಯಾರು ಹೋದರೂ, “ನನ್ನ ಭರಣಿ ಮುಟ್ಟೀರಿ!” ಅಂತ ಗದರುತ್ತಿದ್ದಳು.

“ಕರಬಸೂ,” ಅಂದಳು ಅಜ್ಜಿ. “ಇದನ್ನ ಹಾಕೋ. ಅಚ್ಚ ಔಡಲೆಣ್ಣಿ. ನಿಮ್ಮಪ್ಪ ಬಂಡಿಗೆ ಇದನ್ನ ಹಾಕತಿದ್ದ. ಗಾಡಿ ಹೋಗ್ತೈತಿಲ್ಲೋ?”

“ಯವ್ವಾ, ಇದು ಕೂಸಿಗೆ ಇಟ್ಟಿದ್ದಲ್ಲೇನು?”

“ಕೂಸು ಮನಿಗೆ ಬಂದ್ರ ಸಾಕೋ. ಎಣ್ಣಿ ಮತ್ತ ಮಾಡ್ತೇನಿ. ಹಾಕು.”

“ಮೋಟಾರಿಗೆ ಇದು ನಡಿಯೂದಿಲ್ಲವ್ವಾ.”

ಅಜ್ಜಿ ಭರಣಿ ಹಿಡಿದುಕೊಂಡು ಅಲ್ಲೇ ನಿಂತಳು. ಭರಣಿ ವಾಲಿ ಎಣ್ಣೆ ತುಳುಕಿ ಅವಳ ಪಾದದ ಮೇಲೆ ಬಿತ್ತು. ಅದನ್ನು ಒರೆಸಿಕೊಳ್ಳಲೂ ಇಲ್ಲ.

ಶೇಖವ್ವ ಎಣ್ಣೆ ಬಿದ್ದ ಆ ಪಾದವನ್ನು ನೋಡಿದಳು. ಸಿಟ್ಟು ಹೋಯಿತೇ? ಹೋಗಿರಲಿಲ್ಲ. ಆದರೆ ಜೋಡಿಸಿಕೊಂಡು ಬಂದ ಮಾತು ಈಗ ಬೇಡವೆನಿಸಿತು. ಅವಳು ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟಳು.

“ಆಂ! ಎಲ್ಲಿತ್ತು ಇದು?” ಅಪ್ಪ ನೆಗೆದು ಬಂದ.

ಶೇಖವ್ವ ಅಜ್ಜಿಯನ್ನು ನೋಡಿದಳು. ಅಜ್ಜಿಯೂ ಅವಳನ್ನು ನೋಡಿದಳು.

“ಅಜ್ಜಿ ಹೇಳ್ತಾಳ,” ಅಂದಳು ಶೇಖವ್ವ.

ಅಜ್ಜಿ ಭರಣಿಯನ್ನು ಮೆಟ್ಟಿಲ ಮೇಲೆ ಇಟ್ಟಳು. “ನಾನ ಕೊಟ್ಟಿದ್ದೆ ಕರಬಸೂ, ಗುಡಿಗೆ. ಹೊಳಬಸಪ್ಪ ಹೊಳ್ಳಿ ತರ್ತಾನ ಅಂತ ಹಾದಿ ನೋಡಿದೆ. ನೀ ಒದರಾಕ ಹತ್ತಿದ ಮ್ಯಾಲ ಹೇಳಾಕ ಧೈರ್ಯ ಬರಲಿಲ್ಲ.”

ಅಪ್ಪ ಅಜ್ಜಿಯನ್ನು ನೋಡಿದ. ಡಬ್ಬಿಯನ್ನು ನೋಡಿದ. ದೊಡ್ಡದಾಗಿ ಉಸಿರುಬಿಟ್ಟ. “ಇರ್ಲಿ ಬಿಡವ್ವಾ. ಸಿಕ್ತಲ್ಲ,” ಅಂದ.

ಇರ್ಲಿ ಬಿಡು? ಅಷ್ಟೇನಾ?

“ನನಗ್ಯಾಕ ಇರ್ಲಿ ಬಿಡು ಅನ್ನಲಿಲ್ಲ ನೀ?” ಶೇಖವ್ವನ ದನಿ ಕಟ್ಟೆಯಿಂದ ಓಣಿಗೆಲ್ಲ ಕೇಳಿತು. “ನಾ ಒಯ್ದಿರಲೇ ಇಲ್ಲ, ನನಗ ಅಷ್ಟು ಒದರಿದಿ!”

ಅಪ್ಪ ಮಸಿಗೈಯಿಂದ ಕುತ್ತಿಗೆ ಉಜ್ಜಿಕೊಂಡ. ಕುತ್ತಿಗೆಯೂ ಕಪ್ಪಾಯಿತು.

“ಬಾ ಒಳಗ, ಯಾರು ಒಯ್ತಾರ ಅಂತ ನಾನ ಕರದಿದ್ದೆ. ಹೌದು,” ಅಂದ ಕೊನೆಗೆ, ಮೆಲ್ಲಗೆ. ಆಮೇಲೆ ಮೋಟಾರಿನ ಬಾಗಿಲು ತೆಗೆದು, “ಬಾ. ಲಾಳಿಕೆ ಹಿಡಿ,” ಅಂದ.

ಮೋಟಾರಿನೊಳಗೆ ಕಾಲಿಡುವ ಹಲಗೆ ಎತ್ತಿದರೆ ಗೇರಿನ ಪೆಟ್ಟಿಗೆ ಕಾಣುತ್ತಿತ್ತು. ಪೆಟ್ಟಿಗೆಯ ಮಗ್ಗುಲಲ್ಲೇ ಎಣ್ಣೆ ಹಾಕುವ ಒಂದು ತೂತು. ಶೇಖವ್ವ ಮಂಡಿಯೂರಿ ಲಾಳಿಕೆ ಹಿಡಿದಳು. ಅಪ್ಪ ಡಬ್ಬಿ ಬಗ್ಗಿಸಿದ. ಜೇನಿನ ಹಾಗೆ ಎಣ್ಣೆ ನಿಧಾನವಾಗಿ ಇಳಿಯಿತು.

“ತೂತಿನ ಅಂಚಿನ ಮಟ ಬರಬೇಕು. ಬೆರಳು ಹಾಕಿ ನೋಡು.”

“ಇಲ್ಲ. ಹತ್ತವಲ್ದು.”

ಅಪ್ಪ ಮತ್ತೆ ಸುರಿದ. ಡಬ್ಬಿ ಹಗುರಾಯಿತು. ದೀಪಕ್ಕೆ ಹಾಕಿದಷ್ಟು ಎಣ್ಣೆ ಕಡಿಮೆ ಇತ್ತಲ್ಲ! ಕಟ್ಟೆಯ ಮೇಲಿಂದ ಅಜ್ಜಿ ಕತ್ತು ಚಾಚಿ ನೋಡುತ್ತಿದ್ದಳು.

“ಈಗ?”

“ಇಲ್ಲ.”

ಅಪ್ಪ ಡಬ್ಬಿಯನ್ನು ಪೂರ್ತಿ ಬೋರಲು ಹಿಡಿದ. ಎಣ್ಣೆ ದಾರದ ಹಾಗಾಯಿತು. ಆಮೇಲೆ ತೊಟ್ಟು. ಒಂದು ತೊಟ್ಟು. ಮತ್ತೊಂದು. ಶೇಖವ್ವ ಬೆರಳು ತೂರಿಸಿ ಕಣ್ಣು ಮುಚ್ಚಿಕೊಂಡಳು. ಬೆರಳ ತುದಿಗೆ ಏನೋ ಜಿಗುಟು ತಾಗಿತು.

“ಹತ್ತಿತು! ಅಪ್ಪಾ, ಹತ್ತಿತು!”

ಅಪ್ಪ ಪಾನಾ ಅವಳ ಕೈಗೆ ಕೊಟ್ಟ. ತೂತಿನ ಬಿರಡೆಯನ್ನು ಬಿಗಿದವಳು ಶೇಖವ್ವನೇ. ಅಪ್ಪ ಮೋಟಾರು ಶುರು ಮಾಡಿ ಗೇರು ಹಾಕಿದ. ಕರಕರ ಅನ್ನಲಿಲ್ಲ.

“ಕೈ ತೊಳಕೊಂಡು ಬಾ ಲಗೂನ. ನೀನೂ ಬಾ ಹಾನಗಲ್ಲಿಗೆ,” ಅಂದ.

ಶೇಖವ್ವ ಕಟ್ಟೆ ಹತ್ತಿದಳು. ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ನಿನ್ನೆ ಎಣ್ಣೆಗೆ ಅಡ್ಡ ನಿಂತಿದ್ದ ಜಾಗದಲ್ಲೇ. ಅವಳು ಶೇಖವ್ವನ ಬಲಗೈ ಹಿಡಿದು, ಅಕ್ಕ ಬರುತ್ತಾಳೆಂದು ಉಟ್ಟಿದ್ದ ಹೊಸ ಇಳಕಲ್ ಸೀರೆಯ ಸೆರಗಿನಿಂದ ಒಂದೊಂದೇ ಬೆರಳು ಒರೆಸತೊಡಗಿದಳು. ಕೆಂಪು ಸೆರಗಿನ ಮೇಲೆ ಕಪ್ಪು ಕಲೆ ಹರಡಿತು. ಆ ಕಲೆ ಯಾವ ಅಗಸರು ಒಗೆದರೂ ಹೋಗುವಂಥದ್ದಲ್ಲ. ಅಜ್ಜಿಗೆ ಅದು ಗೊತ್ತಿತ್ತು.

ಶೇಖವ್ವ ಅಜ್ಜಿಯ ಬಗ್ಗಿದ ತಲೆಯನ್ನು ನೋಡಿದಳು. ಆಮೇಲೆ ಎಡಗೈಯನ್ನೂ ಮುಂದೆ ಚಾಚಿದಳು.